ಎಷ್ಟು ದಪ್ಪ ಎನ್ನುವ ಮೊದಲು ಎಷ್ಟು ಸಣ್ಣ ಎಂದು ಕೇಳಿ

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಶೀಟ್ ರೋಲಿಂಗ್ ಮಷೀನಿನ, ಅಂದರೆ ತಗಡನ್ನು ರೋಲುಗಳ ನಡುವೆ ತೂರಿಸಿ ದುಂಡಗೆ ಬಗ್ಗಿಸುವ ಯಂತ್ರದ ವಿಚಾರವೇ. ಹಿಂದಿನ ಸಂಚಿಕೆಯಲ್ಲಿ ಚಿಮಣಿಯ ಬಗ್ಗೆ ಎರಡು ಮಾತು ಬರೆದದ್ದರ ಫಲ ಇದು. ಕೊಡಗಿನ ಕುಶಾಲನಗರದ ಶೆಡ್ಡಿನಲ್ಲಿ ಮೂವತ್ತನಾಲ್ಕು ವರ್ಷ ತಗಡು ಬಗ್ಗಿಸಿ, ಈಗ ಮಗನಿಗೆ ಬೀಗದ ಕೈ ಒಪ್ಪಿಸಿ ಕೂತವನು ನಾನು. ಕ್ಯಾಟಲಾಗಿನ ಭಾಷೆ ನನಗೆ ಬರುವುದಿಲ್ಲ. ಕೈಗೆ ತಿಳಿದದ್ದನ್ನು ಬರೆಯುತ್ತೇನೆ.

ಪ್ರಶ್ನೆ: ಸುಂಟಿಕೊಪ್ಪದಲ್ಲಿ ಗೇಟು, ಗ್ರಿಲ್ಲು, ಶೀಟಿನ ಮಾಡು ಕಟ್ಟುವ ಸಣ್ಣ ವರ್ಕ್‌ಶಾಪ್ ನನ್ನದು. ಎರಡು ವರ್ಷಗಳಿಂದ ಕಾಫಿ ತೋಟದವರು ಡ್ರೈಯರ್ ಚಿಮಣಿ, ನೀರಿನ ಡ್ರಮ್, ಪಲ್ಪರಿಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಹಾಪರ್ (ಹಣ್ಣು ಸುರಿಯುವ ಆಲಿಕೆ) ಎಂದು ದುಂಡಗಿನ ಕೆಲಸ ಕೇಳುತ್ತಿದ್ದಾರೆ. ಹಾಳೆ ಕತ್ತರಿಸಿ, ಮೈಸೂರಿಗೆ ಕಳುಹಿಸಿ, ರೋಲ್ ಮಾಡಿಸಿ ತರುವಷ್ಟರಲ್ಲಿ ಲಾಭವೆಲ್ಲ ಬಾಡಿಗೆಗೆ ಹೋಗುತ್ತದೆ. ಡೀಲರ್ ಒಬ್ಬರು ಮೂರು ಕೊಟೇಶನ್ ಕೊಟ್ಟಿದ್ದಾರೆ: ಕೈಯಲ್ಲಿ ತಿರುಗಿಸುವ ಮಷೀನ್, ಮೋಟಾರಿನ, 6 ಮಿ.ಮೀ. ದಪ್ಪದ ತಗಡಿನವರೆಗೆ ಬಗ್ಗಿಸುವ ಪಿರಮಿಡ್ ಮಾದರಿ (ಕೆಳಗೆರಡು ರೋಲು, ಮೇಲೊಂದು), ಹೈಡ್ರಾಲಿಕ್ 8 ಮಿ.ಮೀ. ಮಾದರಿ. ಎಲ್ಲವೂ ನಾಲ್ಕು ಅಡಿ ಅಗಲದವು. ‘ಮುಂದಕ್ಕೂ ಆಗುತ್ತದೆ, ದೊಡ್ಡದನ್ನೇ ತೆಗೆದುಕೊಳ್ಳಿ’ ಎನ್ನುತ್ತಾರೆ. ಯಾವುದು ಸರಿ, ಸರ್?

ಉತ್ತರ: ನಿಮ್ಮ ಪತ್ರದ ಜೊತೆ ಬಂದ ಕೊಟೇಶನ್‌ಗಳಲ್ಲಿ ಮೂರು ಮಷೀನುಗಳ ಬೆಲೆ ಪೈಸೆಯವರೆಗೂ ಇದೆ. ಆದರೆ ಚಿಮಣಿ ಎಂದರೆ ಎಷ್ಟು ಅಂಗುಲದ್ದು, ಡ್ರಮ್ ಎಂದರೆ ಎಷ್ಟು ಗೇಜಿನದು (ಗೇಜ್ ಎಂದರೆ ತಗಡಿನ ದಪ್ಪದ ಅಳತೆ) ಎಂಬ ಒಂದು ಅಂಕಿಯೂ ಪತ್ರದಲ್ಲಿ ಇಲ್ಲ. ಡೀಲರೂ ಅದನ್ನು ಕೇಳಿದಂತಿಲ್ಲ. ಚಪ್ಪಲಿ ಅಂಗಡಿಯವನು ಕಾಲು ನೋಡದೆ ಜೋಡು ಕಟ್ಟಿಕೊಟ್ಟ ಹಾಗಾಯಿತು.

ಮೊದಲು ಬಿಲ್ ಪುಸ್ತಕ ತೆಗೆಯಿರಿ. ಎರಡು ವರ್ಷಗಳಲ್ಲಿ ಬಂದ ದುಂಡು ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ತಗಡಿನ ದಪ್ಪ ಎಷ್ಟು, ಅಗಲ ಎಷ್ಟು, ವೃತ್ತದ ವ್ಯಾಸ ಎಷ್ಟು ಎಂಬ ಮೂರೇ ಅಂಕಣ ಸಾಕು. ‘ಆಗುವುದಿಲ್ಲ’ ಎಂದು ವಾಪಸು ಕಳುಹಿಸಿದ ಕೆಲಸವನ್ನೂ ನೆನಪಿನಿಂದ ಸೇರಿಸಿ, ಅದನ್ನು ಬಿಡಬೇಡಿ. ಆಮೇಲೆ ಎರಡು ಅಂಕಿಗೆ ಗೆರೆ ಎಳೆಯಿರಿ: ಅತಿ ದಪ್ಪದ ತಗಡು ಯಾವುದು, ಅತಿ ಸಣ್ಣ ವೃತ್ತ ಯಾವುದು. ಮಾರುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಹೊಟ್ಟೆಗೆ ಹೊಡೆಯುವುದು ಎರಡನೆಯದು.

1992ರಲ್ಲಿ ನಾನೂ ಇದೇ ತಪ್ಪು ಮಾಡಿದೆ. ಸಾಲ ಮಾಡಿ ತಂದ ನನ್ನ ಮೊದಲ ಮೋಟಾರು ಮಷೀನಿನ ಮೇಲಿನ ರೋಲು ಆರು ಅಂಗುಲ ದಪ್ಪ. ಲಾರಿಯಿಂದ ಇಳಿಸುವಾಗ ಬೀದಿಯ ಅರ್ಧ ಜನ ನೋಡಲು ನಿಂತಿದ್ದರು. ದುಬಾರೆಯಿಂದ ಆನೆಯನ್ನೇ ಹೊಡೆದುಕೊಂಡು ಬಂದಷ್ಟು ಹೆಮ್ಮೆ ನನಗೆ. ಪೂಜೆಯ ಕುಂಕುಮ ಒಣಗುವ ಮೊದಲೇ ಮಾದಾಪುರ ಕಡೆಯ ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರು ಬಂದು, ಕಾರ್ಮಿಕರ ಲೈನ್ ಮನೆಗಳ ಬಚ್ಚಲೊಲೆಗೆ ಆರು ಅಂಗುಲದ ಹೊಗೆ ಕೊಳವೆ ನಲವತ್ತು ಅಡಿ ಬೇಕು, 20 ಗೇಜ್ (ಒಂದು ಮಿ.ಮೀ.ಗಿಂತ ಚೂರು ತೆಳು) ಸಾಕು ಎಂದರು. ಆರು ಅಂಗುಲದ ರೋಲಿಗೆ ಆರು ಅಂಗುಲದ ಕೊಳವೆ ಸುತ್ತಲು ನಿಂತಾಗಲೇ ನನಗೆ ಹೊಳೆದದ್ದು. ತಗಡು ರೋಲಿನ ಮೈಗೆ ತಬ್ಬಿಕೊಂಡು ಬಂದರೂ ಬಿಟ್ಟ ಕೂಡಲೇ ಚಿಮ್ಮಿ ಅಗಲವಾಗುತ್ತದೆ. ರೈಟರ್ ಕೊಡೆ ಮಡಚಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ‘ಇಷ್ಟು ದೊಡ್ಡ ಮಷೀನಿಗೆ ಇಷ್ಟು ತೆಳ್ಳಗಿನ ತಗಡು ಬಗ್ಗುವುದಿಲ್ಲವೇ?’ ಎಂದರು. ನಾನು ಏನೋ ಗ್ರೀಸಿನ ನೆಪ ಹೇಳಿದೆ. ಆ ರಾತ್ರಿ ಹಳೆಯ ನೀರಿನ ಪೈಪಿನ ತುಂಡೊಂದನ್ನು ವೈಸಿಗೆ ಕಚ್ಚಿಸಿ, ಅದರ ಮೇಲೆ ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ನಲವತ್ತು ಅಡಿ ಮುಗಿಸಿದೆವು. ಮಷೀನ್ ಮೂಲೆಯಲ್ಲಿ ಕುಂಕುಮ ಇಟ್ಟುಕೊಂಡು ನಿಂತಿತ್ತು.

ಲೆಕ್ಕ ಸುಲಭ. ಮೇಲಿನ ರೋಲಿನ ವ್ಯಾಸದ ಒಂದೂವರೆ ಪಟ್ಟಿಗಿಂತ ಸಣ್ಣ ವೃತ್ತ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ತೆಳು ತಗಡಿನಲ್ಲಿ, ಪಳಗಿದ ಕೈಯಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋಗಬಹುದು. ಅದನ್ನು ನಂಬಿ ಮಷೀನ್ ಕೊಳ್ಳಬಾರದು. 150 ಮಿ.ಮೀ. ರೋಲಾದರೆ 225 ಮಿ.ಮೀ., ಅಂದರೆ ಒಂಬತ್ತು ಅಂಗುಲ. ನಿಮ್ಮ ಕೊಟೇಶನ್‌ನ 6 ಮಿ.ಮೀ. ಪಿರಮಿಡ್‌ಗೆ ರೋಲು 160 ಎಂದು ಬರೆದಿದೆ. ಎಂಟು ಅಂಗುಲದ ಚಿಮಣಿ ಕೇಳಿದವರಿಗೆ ಏನು ಉತ್ತರ ಕೊಡುತ್ತೀರಿ?

ಹಾಗಾದರೆ ಸಣ್ಣ ರೋಲಿನದೇ ತಂದರಾಯಿತಲ್ಲ ಎನ್ನಬೇಡಿ. ಸಣ್ಣ ರೋಲು ಹೊರೆ ಬಿದ್ದಾಗ ನಡುವೆ ಬಾಗುತ್ತದೆ. 6 ಮಿ.ಮೀ. ದಪ್ಪ, 1250 ಮಿ.ಮೀ. ಅಗಲದ ಸಾಧಾರಣ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟನ್ನು 200 ಮಿ.ಮೀ. ಅಂತರದಲ್ಲಿರುವ ಎರಡು ಕೆಳರೋಲುಗಳ ಮೇಲೆ ಮಣಿಸಲು ಮೇಲಿನ ರೋಲು ಐದೂವರೆಯಿಂದ ಆರು ಟನ್ ಒತ್ತಬೇಕು. ಅಷ್ಟು ಹೊರೆಗೆ ತೆಳ್ಳಗಿನ ರೋಲು ಬಿಲ್ಲಿನಂತೆ ಬಾಗಿ, ತಗಡಿನ ನಡುಭಾಗಕ್ಕೆ ಒತ್ತು ಕಡಿಮೆಯಾಗುತ್ತದೆ. ಡ್ರಮ್ ಹೊರಬಂದಾಗ ಎರಡು ತುದಿಯಲ್ಲಿ ಅಂಚು ಅಂಚಿಗೆ ಕೂಡಿರುತ್ತದೆ, ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟಿರುತ್ತದೆ. ಅದನ್ನು ವೆಲ್ಡಿಂಗ್‌ನಲ್ಲಿ ಎಳೆದು ಮುಚ್ಚಿದರೆ ಡ್ರಮ್ಮಿಗೆ ಹೊಟ್ಟೆ ಬರುತ್ತದೆ. ರೋಲಿನ ಗಟ್ಟಿತನ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 100 ಮಿ.ಮೀ. ರೋಲಿನ ಬದಲು 120ರದ್ದು ಹಾಕಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಹೆಬ್ಬೆರಳಿನ ದಪ್ಪ, ಆದರೆ ಬಾಗುವುದು ಅರ್ಧಕ್ಕೆ ಇಳಿಯುತ್ತದೆ. ಸಣ್ಣ ವೃತ್ತ ಬೇಕೆಂದರೆ ರೋಲು ತೆಳ್ಳಗಿರಬೇಕು, ನೇರ ಅಂಚು ಬೇಕೆಂದರೆ ದಪ್ಪವಿರಬೇಕು. ಒಂದೇ ಮಷೀನಿನಲ್ಲಿ ಎರಡನ್ನೂ ಹುಡುಕುವವರು ನನ್ನ ಹಾಗೆ ಕೊಡತಿ ಹಿಡಿಯುತ್ತಾರೆ.

ಇನ್ನು ದಪ್ಪದ ಮಾತು. 3 ಮಿ.ಮೀ. ಬಗ್ಗಿಸುವ ಮಷೀನಿಗಿಂತ 6 ಮಿ.ಮೀ. ಬಗ್ಗಿಸುವುದಕ್ಕೆ ಎರಡರಷ್ಟು ಶಕ್ತಿ ಸಾಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬೇಕಾದದ್ದು ನಾಲ್ಕರಷ್ಟು. ದಪ್ಪದ ವರ್ಗದಂತೆ ಹೊರೆ ಏರುತ್ತದೆ, ಅಗಲ ಮಾತ್ರ ನೇರ ಲೆಕ್ಕ. ಹಾಗಾಗಿ ‘ಒಂದು ಎಂ.ಎಂ. ಜಾಸ್ತಿ ಹೋದರೆ ಏನಾಗುತ್ತದೆ’ ಎಂದು 4 ಮಿ.ಮೀ. ಮಷೀನಿಗೆ 5 ಕೊಟ್ಟರೆ ಹೊರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಬುಷ್ (ರೋಲಿನ ತುದಿ ಕೂತು ತಿರುಗುವ ಲೋಹದ ಬಳೆ) ಸವೆಯುವುದು, ಗೇರಿನ ಹಲ್ಲು ಮುರಿಯುವುದು ಅಲ್ಲಿಂದಲೇ. ಕೊಟೇಶನ್‌ನಲ್ಲಿ ಇರುವ ಅಂಕಿ ಎಂ.ಎಸ್.ಗೆ. ಸ್ಟೇನ್‌ಲೆಸ್ ಸ್ಟೀಲ್ ಬಗ್ಗುತ್ತಾ ಬಗ್ಗುತ್ತಾ ಗಟ್ಟಿಯಾಗುವ ಜಾತಿ, ಚಿಮ್ಮುವುದೂ ಹೆಚ್ಚು. ಅದಕ್ಕೆ ಬರೆದ ಅಂಕಿಯಿಂದ ಮೂರನೇ ಒಂದು ಭಾಗ ಕಳೆಯಿರಿ. ‘6 ಮಿ.ಮೀ. ಎಂದರೆ ರೋಲ್ ಮಾಡುವುದಕ್ಕೋ, ಅಂಚು ಮಣಿಸುವುದಕ್ಕೋ? ಎಷ್ಟು ವ್ಯಾಸಕ್ಕೆ?’ ಎಂದು ಡೀಲರನ್ನು ಕೇಳಿ. ಉತ್ತರವನ್ನು ಕೊಟೇಶನ್ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ಮಿಲಿಮೀಟರ್ ಮಳೆಗಾಲದ ಬಿಸಿಲಿನ ಹಾಗೆ.

ಅಂಚು ಮಣಿಸುವುದು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಪಿರಮಿಡ್ ಮಾದರಿಯಲ್ಲಿ ಕೆಳಗೆ ಎರಡು ರೋಲು, ನಡುವೆ ಮೇಲೊಂದು. ಹಾಳೆ ಎರಡೂ ಕೆಳರೋಲುಗಳ ಮೇಲೆ ಕೂತರೆ ಮಾತ್ರ ಬಗ್ಗುತ್ತದೆ. ತುದಿ ಒಂದು ಕೆಳರೋಲನ್ನು ದಾಟಿ ಜಾರಿತೋ, ಉಳಿದಷ್ಟು ಚಪ್ಪಟೆಯಾಗಿಯೇ ಇರುತ್ತದೆ. ಕೆಳರೋಲುಗಳ ಅಂತರ 200 ಮಿ.ಮೀ. ಇದ್ದರೆ ಒಂದೊಂದು ತುದಿಗೂ ಸುಮಾರು 100 ಮಿ.ಮೀ. ಚಪ್ಪಟೆ. ಎರಡು ತುದಿ ಕೂಡಿಸಿದಾಗ ಡ್ರಮ್ ದುಂಡಗಿರದೆ ಹಲಸಿನ ಬೀಜದ ಹಾಗೆ ಒಂದು ಕಡೆ ಮೂತಿ ಚಾಚುತ್ತದೆ. ಇದಕ್ಕೆ ಹಳಬರು ರೈಲ್ವೆ ಹಳಿಯ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಅಂಚು ಬಗ್ಗಿಸಿಕೊಳ್ಳುತ್ತಿದ್ದರು. (ರೈಲೇ ಇಲ್ಲದ ಜಿಲ್ಲೆಯ ಪ್ರತಿ ವರ್ಕ್‌ಶಾಪಿನಲ್ಲೂ ಹಳಿಯ ತುಂಡು ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ.) ಇಲ್ಲವೇ ಹಾಳೆಯನ್ನು ಉದ್ದ ಇಟ್ಟು, ರೋಲ್ ಆದ ಮೇಲೆ ಚಪ್ಪಟೆ ತುದಿಯನ್ನು ಕತ್ತರಿಸಿ ಎಸೆಯಬೇಕು. 3 ಮಿ.ಮೀ. ದಪ್ಪದ 1250 × 2500 ಹಾಳೆ 73 ಕಿಲೋ ಚಿಲ್ಲರೆ ತೂಗುತ್ತದೆ. ಪ್ರತಿ ಡ್ರಮ್ಮಿಗೂ ಎರಡು ಪಟ್ಟಿ ಗುಜರಿಗೆ ಹಾಕಿದರೆ ವರ್ಷದ ಕೊನೆಗೆ ಎಷ್ಟಾಗುತ್ತದೆ ಎಂದು ನೀವೇ ಗುಣಿಸಿ.

ಪಿಂಚ್ ಮಾದರಿಯಲ್ಲಿ ಮುಂದಿನ ಎರಡು ರೋಲು ಒಂದರ ಮೇಲೊಂದು ಕೂತು ಹಾಳೆಯನ್ನು ಕಚ್ಚಿ ಹಿಡಿಯುತ್ತವೆ, ಹಿಂದಿನ ಮೂರನೆಯದು ಏರಿ ಬಗ್ಗಿಸುತ್ತದೆ. ಒಂದು ತುದಿ ಮಣಿಸಿ, ಹಾಳೆಯನ್ನು ತಿರುಗಿಸಿ ಇನ್ನೊಂದು ತುದಿ ಮಣಿಸಿಕೊಂಡರೆ ಚಪ್ಪಟೆ ಉಳಿಯುವುದು ದಪ್ಪದ ಎರಡು ಪಟ್ಟು ಮಾತ್ರ. 3 ಮಿ.ಮೀ. ತಗಡಿಗೆ ಆರು ಮಿ.ಮೀ. ಅದು ವೆಲ್ಡಿಂಗ್‌ನಲ್ಲಿ ಕರಗಿ ಹೋಗುತ್ತದೆ. ಹಾಳೆ ತಿರುಗಿಸುವ ಶ್ರಮ ಇದೆ, ಇಬ್ಬರು ಬೇಕು. ಆದರೂ ತೋಟದ ಕೆಲಸಕ್ಕೆ ನನ್ನ ಓಟು ಪಿಂಚ್‌ಗೇ. ನಾಲ್ಕು ರೋಲಿನದು ಟ್ಯಾಂಕರ್ ಕಟ್ಟುವ ಕಾರ್ಖಾನೆಗಳಿಗೆ, ನಮಗಲ್ಲ.

ನಿಮ್ಮ ಬಿಲ್ ಪುಸ್ತಕ ನಾನು ನೋಡಿಲ್ಲ. ಸುಂಟಿಕೊಪ್ಪದ ಸುತ್ತ ಬರುವ ಕೆಲಸ ಗೊತ್ತು. ಹೆಚ್ಚಿನದು 20 ಗೇಜಿನಿಂದ 3 ಮಿ.ಮೀ.ವರೆಗೆ. ಅದಕ್ಕೆ ನಾನಾದರೆ ಮೂರು ಕೊಟೇಶನ್‌ಗಳನ್ನೂ ಮಡಚಿಟ್ಟು ಎರಡು ಮಷೀನ್ ಕೇಳುತ್ತೇನೆ. ಒಂದು, ಮೋಟಾರಿನ ಪಿಂಚ್ ಮಾದರಿ, ನಾಲ್ಕು ಅಡಿ ಅಗಲ, 4 ಮಿ.ಮೀ., ಮೇಲಿನ ರೋಲು 110ರಿಂದ 125 ಮಿ.ಮೀ. ಒಳಗೆ. ಎಂಟು ಅಂಗುಲದಿಂದ ಮೇಲಿನದೆಲ್ಲ ಅದರಲ್ಲಿ. ಇನ್ನೊಂದು, ಕೈಯಲ್ಲಿ ತಿರುಗಿಸುವ ಚಿಕ್ಕದು, ರೋಲು ಎರಡೂವರೆ ಅಂಗುಲ. ಬಚ್ಚಲೊಲೆಯ ಕೊಳವೆ, ಗಟರಿನ ಇಳಿಪೈಪು ಎಲ್ಲ ಇದರಲ್ಲಿ. ಕರೆಂಟು ಹೋದ ದಿನ ಶೆಡ್ಡಿನಲ್ಲಿ ದುಡಿಯುವುದೂ ಇದೊಂದೇ. ಎರಡರಲ್ಲೂ ಮೇಲಿನ ರೋಲಿನ ಒಂದು ತುದಿ ಬಿಚ್ಚಿ ತೆರೆಯುವಂತೆ ಇರಲೇಬೇಕು. ಇಲ್ಲದಿದ್ದರೆ ಪೂರ್ತಿ ಸುತ್ತಿದ ಕೊಳವೆಯನ್ನು ರೋಲಿನಿಂದ ಹೊರತೆಗೆಯುವುದು ಹೇಗೆ? ನಗಬೇಡಿ, ಹಾಗೆ ಕೊಂಡವರನ್ನು ಕಂಡಿದ್ದೇನೆ. ವರ್ಷಕ್ಕೆ ಎರಡು ಸಲ 8 ಮಿ.ಮೀ. ಕೆಲಸ ಬಂದರೆ ಆ ಎರಡನ್ನು ಮೈಸೂರಿಗೇ ಕಳುಹಿಸಿ. ಅದಕ್ಕಾಗಿ ಹೈಡ್ರಾಲಿಕ್ ಸಾಕಬೇಡಿ.

ಹಾಪರ್ ಬಗ್ಗೆ: ಕೋನ್ ಸುತ್ತಲು ಹಿಂದಿನ ರೋಲಿನ ಎರಡು ತುದಿಯನ್ನು ಬೇರೆ ಬೇರೆಯಾಗಿ ಏರಿಸಲು ಬರಬೇಕು, ಕೊಳ್ಳುವಾಗ ನೋಡಿ. ಪಲ್ಪರ್ ಡ್ರಮ್ಮಿನ ಉಬ್ಬು ಹಾಳೆಯನ್ನು ಮಾತ್ರ ಯಾವ ರೋಲಿಗೂ ಕೊಡಬೇಡಿ. ಉಬ್ಬು ಜಜ್ಜಿದರೆ ಹಣ್ಣಿನ ಸಿಪ್ಪೆ ಬಿಡುವುದಿಲ್ಲ, ತೋಟದವರು ನಿಮ್ಮನ್ನೂ ಬಿಡುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಸೇನೆಯಿಂದ ನಿವೃತ್ತರಾಗಿ ವಿರಾಜಪೇಟೆಯ ಹತ್ತಿರ ಫ್ಯಾಬ್ರಿಕೇಶನ್ ಶೆಡ್ ತೆರೆಯಬೇಕೆಂದಿದ್ದಾರೆ. ಬೆಂಗಳೂರಿನ ಪೀಣ್ಯದಲ್ಲಿ ಹಳೆಯ ರೋಲಿಂಗ್ ಮಷೀನ್ ಅರ್ಧ ಬೆಲೆಗೆ ಇದೆಯಂತೆ. ಲೆಕ್ಕ ಬರೆಯುವವಳು ನಾನು. ಹಳೆಯದನ್ನು ನಂಬಬಹುದೇ?

ಉತ್ತರ: ನಂಬಬಹುದು ತಾಯಿ, ಆದರೆ ಮೊಬೈಲಿಗೆ ಕಳುಹಿಸಿದ ಫೋಟೋ ನಂಬಿ ಮುಂಗಡ ಹಾಕಬೇಡಿ. ಹೊಸ ಬಣ್ಣ ಬಳಿದ ಹಳೆಯ ಮಷೀನ್ ಕಂಡರೆ ನನಗೆ ಮೊದಲೇ ಅನುಮಾನ. ಯಜಮಾನರು ಹೋಗುವಾಗ ಒಂದು ಸಣ್ಣ ಹಾರೆಕೋಲು, ಸೀಮೆಸುಣ್ಣ, ಒಂದೇ ಹಾಳೆಯಿಂದ ಕತ್ತರಿಸಿದ ನಾಲ್ಕು ಅಂಗುಲ ಅಗಲದ ಎರಡು ಪಟ್ಟಿ ತೆಗೆದುಕೊಂಡು ಹೋಗಲಿ. ಪಟ್ಟಿಗಳನ್ನು ರೋಲಿನ ಎಡತುದಿಗೊಂದು ಬಲತುದಿಗೊಂದು ಇಟ್ಟು ಒಟ್ಟಿಗೆ ಬಗ್ಗಿಸಿ, ಒಂದರ ಮೇಲೊಂದು ಇಟ್ಟು ನೋಡಲಿ. ಒಂದಕ್ಕೊಂದು ಕೂತರೆ ರೋಲುಗಳು ಸಮನಾಗಿವೆ. ಕೂಡದಿದ್ದರೆ ಮೊದಲು ಸ್ಕ್ರೂ ಸರಿಮಾಡಿ ಇನ್ನೊಮ್ಮೆ ನೋಡಬೇಕು. ಆಗಲೂ ಬೇರೆ ಬೇರೆ ಬಂದರೆ ಬುಷ್ ತಿಂದಿದೆ ಎಂದರ್ಥ. ಹಾರೆಕೋಲಿನಿಂದ ರೋಲಿನ ತುದಿಯನ್ನು ಮೀಟಿದರೆ ಬುಷ್‌ನ ಆಟ ಕೈಗೇ ತಿಳಿಯುತ್ತದೆ. ಬುಷ್ ಹೊಸದು ಹಾಕಿಸಬಹುದು, ಅದಕ್ಕೆ ಹೆದರಬೇಡಿ, ಬೆಲೆ ಇಳಿಸಿಕೊಳ್ಳಿ.

ಕ್ಷಮಿಸಬಾರದ್ದು ಬಾಗಿದ ರೋಲು. ಸೀಮೆಸುಣ್ಣವನ್ನು ಒಂದು ಕಟ್ಟೆಯ ಮೇಲೆ ಒರಗಿಸಿ ಹಿಡಿದು, ನಡುಭಾಗಕ್ಕೆ ತಾಗುವಂತೆ ಇಟ್ಟು, ರೋಲನ್ನು ನಿಧಾನ ಒಂದು ಸುತ್ತು ತಿರುಗಿಸಿ. ಗೆರೆ ಸುತ್ತಲೂ ಬಿದ್ದರೆ ಸರಿ. ಒಂದೇ ಕಡೆ ಬಿದ್ದರೆ ಆ ಮಷೀನ್ ತನ್ನ ಶಕ್ತಿಗೆ ಮೀರಿ ದುಡಿದು ನಡು ಮುರಿದುಕೊಂಡಿದೆ. ಅರ್ಧ ಬೆಲೆಗಲ್ಲ, ಕಾಲು ಬೆಲೆಗೂ ಬೇಡ.

ಲೆಕ್ಕ ನಿಮ್ಮದು ಎಂದಿರಿ, ಒಂದು ಮಾತು. ಹಳೆಯದನ್ನು ತರುವ ಮೊದಲು ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. 2022ರಲ್ಲಿ ತಯಾರಿಕಾ ಘಟಕಗಳ ಯೋಜನಾ ವೆಚ್ಚದ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿದ್ದಾರೆ. ಮಾಜಿ ಸೈನಿಕರು ಅದರಲ್ಲಿ ವಿಶೇಷ ವರ್ಗ: ಹಳ್ಳಿಯಲ್ಲಿ ಘಟಕ ಹಾಕಿದರೆ ಶೇ 35, ಪಟ್ಟಣದಲ್ಲಾದರೆ ಶೇ 25 ಸಹಾಯಧನ, ಕೈಯಿಂದ ಹಾಕಬೇಕಾದದ್ದು ಶೇ 5. ಆದರೆ ಅದು ಹೊಸ ಘಟಕಕ್ಕೆ. ಮಷೀನ್ ತಂದು, ಶೆಡ್ ನಡೆಸಿ, ಆಮೇಲೆ ಅರ್ಜಿ ಬರೆದರೆ ನಡೆಯುವುದಿಲ್ಲ. ಹೊಸ ಮಷೀನಿನ ಬೆಲೆಯಿಂದ ಸಹಾಯಧನ ಕಳೆದು ನೋಡಿ, ಪೀಣ್ಯದ ಅರ್ಧ ಬೆಲೆ ಅಷ್ಟೇನೂ ಅಗ್ಗವಾಗಿ ಕಾಣದೆ ಹೋಗಬಹುದು. ಯಾವುದೇ ಆಗಲಿ, ಲಾರಿ ಬಾಡಿಗೆ ಮತ್ತು ಇಳಿಸುವ ಖರ್ಚು ಯಾರದು ಎಂದು ಮೊದಲೇ ಮಾತಾಡಿ. ವಿರಾಜಪೇಟೆಯ ಓಣಿಗೆ ಕ್ರೇನ್ ತರಿಸುವುದು ಮದುವೆಗೆ ವಾಲಗ ತರಿಸಿದಂತಲ್ಲ.

ಪ್ರಶ್ನೆ: ನಾನು ಐಟಿಐ ಮುಗಿಸಿ ಸೋಮವಾರಪೇಟೆಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. 300 ಮಿ.ಮೀ. ಒಳವ್ಯಾಸದ ಚಿಮಣಿಗೆ 2 ಮಿ.ಮೀ. ಹಾಳೆಯನ್ನು 942 ಮಿ.ಮೀ.ಗೆ ಕತ್ತರಿಸಿದೆ. ಅಂಚು ಕೂಡಿಸಿದರೆ ಒಳವ್ಯಾಸ 298 ಬಂತು. ಮೇಸ್ತ್ರಿ ಬೈದರು. ಲೆಕ್ಕ ಸರಿಯಿತ್ತಲ್ಲ?

ಉತ್ತರ: ಗುಣಾಕಾರ ಸರಿ, ಗುಣಿಸಿದ ಅಂಕಿ ತಪ್ಪು. ತಗಡು ಸುತ್ತುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಎರಡೂ ಆಗದೆ ಉಳಿಯುವುದು ದಪ್ಪದ ನಡುಗೆರೆ. ಒಳವ್ಯಾಸಕ್ಕೆ ಒಂದು ದಪ್ಪ ಸೇರಿಸಿ, 302ನ್ನು 3.1416ರಿಂದ ಗುಣಿಸಬೇಕಿತ್ತು. 948.8 ಬರುತ್ತದೆ. ನಿನಗೆ ಕಡಿಮೆ ಬಿದ್ದದ್ದು ಆರು ಮಿ.ಮೀ. ಮತ್ತು ಚೂರು. ಹೊರವ್ಯಾಸ ಕೊಟ್ಟಿದ್ದರೆ ಒಂದು ದಪ್ಪ ಕಳೆ. ಒಂದು ಕೊಳವೆ ಇನ್ನೊಂದರೊಳಗೆ ಕೂರಬೇಕಾದ ಕೆಲಸವಾದರೆ ಇದೇ ಆರು ಮಿ.ಮೀ. ಜೀವ ತಿನ್ನುತ್ತದೆ.

ಇನ್ನೊಂದು, ಮೇಸ್ತ್ರಿ ಹೇಳಿರಲಾರರು. ಹಾಳೆಯ ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆದು ಸಮ ಬಂದ ಮೇಲೆ ರೋಲಿಗೆ ಕೊಡು. ಮೂಲೆಮಟ್ಟ ತಪ್ಪಿದ ಹಾಳೆ ಸುತ್ತಿ ಬಂದಾಗ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ. ಮತ್ತು ಒಂದೇ ಸಲಕ್ಕೆ ಸುತ್ತಬೇಡ. 18 ಗೇಜ್ ತುಂಡಿನಲ್ಲಿ ಬೇಕಾದ ಕಮಾನಿನ ಟೆಂಪ್ಲೇಟ್ ಕತ್ತರಿಸಿಟ್ಟುಕೊಂಡು, ರೋಲನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ, ಪ್ರತಿ ಸಲವೂ ಇಟ್ಟು ನೋಡು. ಕಡಿಮೆ ಬಗ್ಗಿದ್ದನ್ನು ಇನ್ನೂ ಬಗ್ಗಿಸಬಹುದು. ಹೆಚ್ಚು ಬಗ್ಗಿದ್ದನ್ನು ಬಿಡಿಸುವುದು ನರಕ. ಕೊನೆಗೆ ಅಂಚು ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆ ವೆಲ್ಡ್ ಇಟ್ಟು), ವೆಲ್ಡ್ ಮುಗಿಸಿ, ಉಬ್ಬಿದ ವೆಲ್ಡನ್ನು ಗ್ರೈಂಡರಿನಲ್ಲಿ ಸಮ ಮಾಡಿ, ಇನ್ನೊಮ್ಮೆ ರೋಲಿನಲ್ಲಿ ಸುತ್ತಿಸು. ಆಗ ಬರುವ ದುಂಡುತನಕ್ಕೆ ಮೇಸ್ತ್ರಿ ಬೈಯುವುದಿಲ್ಲ. ಬೈದರೂ ಕಡಿಮೆ.

ಪ್ರಶ್ನೆ: ಭಾಗಮಂಡಲದ ದಾರಿಯಲ್ಲಿ ನನ್ನ ಶೆಡ್. ಜೂನ್‌ನಿಂದ ಮೂರು ತಿಂಗಳು ರೋಲಿನ ಮೇಲೆ ತುಕ್ಕು ಬೆಳೆಯುತ್ತದೆ, ತ್ರೀ ಫೇಸ್ ಕರೆಂಟು ಬಂದರೆ ಬಂತು. ಏನು ಮಾಡಲಿ?

ಉತ್ತರ: ಕರೆಂಟಿಗೆ: 2-3 ಎಚ್.ಪಿ. ಮೋಟಾರಿನ ಮಷೀನಾದರೆ ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ಡ್ರೈವ್ ಸಿಗುತ್ತದೆ. ಹಾಕಿಸುವ ಮೊದಲು ನಿಮ್ಮ ಮಂಜೂರಾದ ಲೋಡ್ ಎಷ್ಟು ಎಂದು ಸೆಸ್ಕ್ (ವಿದ್ಯುತ್ ಕಂಪನಿ) ಕಚೇರಿಯಲ್ಲಿ ನೋಡಿಸಿ. ಮರ ಬಿದ್ದು ತಂತಿಯೇ ಇಲ್ಲದ ದಿನಕ್ಕೆ ಡ್ರೈವ್ ಕೂಡ ಏನೂ ಮಾಡಲಾರದು, ಕೈಮಷೀನ್ ಇರಲಿ.

ತುಕ್ಕಿಗೆ: ಸಂಜೆ ರೋಲುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಗ್ರೀಸ್ ಹಚ್ಚಿ ಹಳೆಯ ಪತ್ರಿಕೆ ಸುತ್ತಿಡಿ. ಗೋಣಿಚೀಲ ಹೊದಿಸಬೇಡಿ. ಅದು ನೀರು ಕುಡಿದು ರೋಲಿಗೇ ಕುಡಿಸುತ್ತದೆ. ಬಟ್ಟೆ ಬೂಷ್ಟು ಹಿಡಿಯದಿರಲೆಂದು ಮನೆಯ ಬೀರುವಿನೊಳಗೆ ಬಲ್ಬ್ ಉರಿಸುತ್ತೇವಲ್ಲ, ಅದೇ ಉಪಾಯ ಮಷೀನಿಗೂ ಆಗುತ್ತದೆ. ಟಾರ್ಪಾಲಿನ ಒಳಗೆ, ಪತ್ರಿಕೆಗೂ ಗ್ರೀಸಿಗೂ ತಾಗದಂತೆ ಬುಡದಲ್ಲಿ ಒಂದು 40 ವಾಟಿನ ಹಳೆಯ ಬಲ್ಬ್. ಎಲ್‌ಇಡಿ ಆಗದು, ಬೇಕಾದದ್ದು ಬೆಳಕಲ್ಲ, ಕಾವು. ಬೆಳಿಗ್ಗೆ ಗ್ರೀಸನ್ನು ಪೂರ್ತಿ ಒರೆಸಿದ ಮೇಲೆಯೇ ಹಾಳೆ ಕೊಡಿ, ಇಲ್ಲದಿದ್ದರೆ ಜಾರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸುತ್ತುವ ದಿನ ರೋಲಿನ ಮೇಲೆ ಕಬ್ಬಿಣದ ಒಂದು ಹೊಟ್ಟೂ ಇರಬಾರದು. ಅದು ಒತ್ತಿ ಕೂತು, ಆರು ತಿಂಗಳಿಗೆ ಹೊಳೆಯುವ ಟ್ಯಾಂಕಿನ ಮೈಮೇಲೆ ಕಂದು ಚುಕ್ಕೆ ಏಳುತ್ತದೆ. ಗಿರಾಕಿ ‘ಡೂಪ್ಲಿಕೇಟ್ ಸ್ಟೀಲ್’ ಎನ್ನುತ್ತಾನೆ.

ಪ್ರಶ್ನೆ: ಮಡಿಕೇರಿ ದಸರಾದ ಮಂಟಪಕ್ಕೆ ಕಮಾನು ಮಾಡಲು ಎರಡು ಅಂಗುಲದ ಪೈಪನ್ನು ಶೀಟ್ ರೋಲಿಂಗ್ ಮಷೀನಿನಲ್ಲಿ ಬಗ್ಗಿಸಬಹುದೇ?

ಉತ್ತರ: ಬೇಡ. ಚಪ್ಪಟೆ ರೋಲಿನ ನಡುವೆ ಪೈಪ್ ಜಜ್ಜಿಹೋಗುತ್ತದೆ, ರೋಲಿನ ಮೇಲೂ ಗಾಯ ಬೀಳುತ್ತದೆ. ರಾಟೆಯಂತೆ ಅಂಚಿನಲ್ಲಿ ಗುಳಿ ಇರುವ ಮೂರು ಚಕ್ರದ ಪೈಪ್ ಬೆಂಡಿಂಗ್ ಮಷೀನ್ ಬೇರೆಯೇ ಇದೆ. ಹತ್ತು ಮಂಟಪಗಳ ಕೆಲಸ ಒಂದೇ ತಿಂಗಳಲ್ಲಿ ಬೀಳುವುದರಿಂದ ಅದನ್ನು ಆಗಸ್ಟ್‌ನಲ್ಲೇ ಬಾಡಿಗೆಗೆ ಹೇಳಿಡಿ.

ಪ್ರಶ್ನೆ: ಈ ಮಷೀನಿನಲ್ಲಿ ತಾಮ್ರದ ಹಂಡೆ ಮಾಡಬಹುದೇ? (ನಾಪೋಕ್ಲಿನಿಂದ)

ಉತ್ತರ: ಹಂಡೆಯ ಹೊಟ್ಟೆ ಎರಡು ದಿಕ್ಕಿಗೆ ಬಾಗಿರುತ್ತದೆ, ಮಷೀನ್ ಒಂದೇ ದಿಕ್ಕಿಗೆ ಬಗ್ಗಿಸುತ್ತದೆ. ಅದು ಕಂಚುಗಾರರ ಸುತ್ತಿಗೆಯ ಕೆಲಸ.

ಪ್ರಶ್ನೆ: ಗೋಣಿಕೊಪ್ಪದ ನನ್ನ ಶೆಡ್ಡಿನಲ್ಲಿ ಕೆಲಸದ ಹುಡುಗ ರೋಲಿಂಗ್ ಮಾಡುವಾಗ ಕೈಗವಸು ಹಾಕುವುದಿಲ್ಲ ಎಂದು ಹಟ ಹಿಡಿಯುತ್ತಾನೆ. ಅಂಚು ತಾಗಿ ಕೈ ಕೊಯ್ಯುತ್ತದೆ ಎಂದರೂ ಕೇಳುವುದಿಲ್ಲ. ನೀವಾದರೂ ಬುದ್ಧಿ ಹೇಳಿ.

ಉತ್ತರ: ಬುದ್ಧಿ ಹೇಳಬೇಕಾದದ್ದು ನಿಮಗೆ. ಹುಡುಗ ಮಾಡುವುದು ಸರಿ.

ನನ್ನ ಎಡಗೈ ಉಂಗುರ ಬೆರಳಿನ ಮೇಲಿನ ಗಿಣ್ಣು ಇಲ್ಲ. ಅಂದು ಹಾಕಿದ್ದು ಹತ್ತಿಯ ಕೈಗವಸು, ಬೆರಳ ತುದಿಯಲ್ಲಿ ಒಂದು ನೂಲು ಬಿಚ್ಚಿತ್ತು. ಮಷೀನ್ ಬಹಳ ನಿಧಾನ ತಿರುಗುತ್ತದೆ, ಅದೇ ಮೋಸ. ನೂಲು ಹಾಳೆಯ ಜೊತೆ ಒಳಗೆ ಹೋಯಿತು, ನೂಲಿನ ಹಿಂದೆ ಬಟ್ಟೆ, ಬಟ್ಟೆಯ ಹಿಂದೆ ಬೆರಳು. ಎಳೆದುಕೊಳ್ಳಲು ಸಮಯ ಇತ್ತು, ಬಿಡಿಸಿಕೊಳ್ಳಲು ಆಗಲಿಲ್ಲ. ಬರಿಗೈಯಾಗಿದ್ದರೆ ಚರ್ಮ ಕಿತ್ತು ಬರುತ್ತಿತ್ತು, ಅಷ್ಟೇ. ಆಚೆ ಬದಿಯಲ್ಲಿ ಸ್ವಿಚ್ಚಿನ ಹತ್ತಿರ ನಿಂತಿದ್ದವನಿಗೆ ನನ್ನ ಕೈ ಹಾಳೆಯ ಮರೆಯಲ್ಲಿ ಕಾಣುತ್ತಿರಲಿಲ್ಲ. ನನ್ನ ಕೂಗು ಕೇಳಿ ಗಾಬರಿಯಲ್ಲಿ ನಿಲ್ಲಿಸುವ ಬದಲು ಅವನು ಹಿಂದಕ್ಕೆ ತಿರುಗಿಸುವ ಗುಂಡಿ ಹುಡುಕಿದ.

ಆದ್ದರಿಂದ ಹೀಗೆ ಮಾಡಿ. ಹಾಳೆಯನ್ನು ಹೊತ್ತು ತರುವಾಗ ಕೈಗವಸು ಇರಲಿ, ರೋಲಿನ ಬಾಯಿಗೆ ಇಡುವ ಮೊದಲು ಕಳಚಲಿ. ಕೊಯ್ಯುವ ಅಂಚಿಗೆ ಮದ್ದು ಕೈಗವಸಲ್ಲ, ಅರ. ರೋಲಿಗೆ ಕೊಡುವ ಮೊದಲು ನಾಲ್ಕೂ ಅಂಚನ್ನು ಅರದಿಂದ ಉಜ್ಜಿಸಿ. ಗ್ಯಾಸ್ ಕಟಿಂಗ್ ಅಂಚಾದರೆ ಗ್ರೈಂಡರ್ ಹಿಡಿಸಿ, ಒರಟು ಅಂಚು ಬಗ್ಗುವಾಗ ಅಲ್ಲಿಂದಲೇ ಸೀಳುತ್ತದೆ. ತುಂಬುತೋಳಿನ ಅಂಗಿ, ಕೊರಳಿಗೆ ಸುತ್ತಿದ ಟವಲ್ ಬೇಡ. ಸ್ವಿಚ್ ಕಾಲಿನಲ್ಲಿ ಒತ್ತುವುದಿರಲಿ, ಕಾಲು ತೆಗೆದರೆ ಮಷೀನ್ ನಿಲ್ಲುವಂಥದ್ದು. ಅದನ್ನು ಒತ್ತುವವನು ಹಾಳೆ ಹಿಡಿದವನೇ ಆಗಿರಬೇಕು, ಬೇರೆಯವನಲ್ಲ. ಮಷೀನಿನ ಮುಂದೆಯೂ ಹಿಂದೆಯೂ ಮೊಣಕಾಲಿನ ಎತ್ತರಕ್ಕೆ ತಂತಿ ಅಥವಾ ಪಟ್ಟಿ, ಕಾಲು ತಾಗಿದರೆ ಕರೆಂಟು ಕಡಿಯುವಂತೆ. ಹಳೆಯ ಮಷೀನಿಗೂ ಇದನ್ನು ಎಲೆಕ್ಟ್ರಿಷಿಯನ್ ಒಂದು ದಿನದಲ್ಲಿ ಹಾಕಿಕೊಡುತ್ತಾನೆ.

ಕೈಗವಸುಗಳನ್ನು ಗ್ಯಾಸ್ ಕಟ್ಟರಿನ ಪಕ್ಕದ ಮೊಳೆಗೆ ನೇತುಹಾಕಿ. ರೋಲಿನ ಪಕ್ಕ ಮೊಳೆ ಇದ್ದರೆ ಕಿತ್ತುಬಿಡಿ.